ಗುಬ್ಬಿಯ ಅಳತೆ

ಅಂಗಡಿಯ ಮೇಲಿನ ಕೋಣೆ,
ಗುರುವಾರ, ಬೆಳಗಿನ ಹೊತ್ತು

ಪ್ರೀತಿಯ ಅಕ್ಕಾ,

ಮೊದಲಿಗೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ನೋಡಿ ನಗಬೇಡ. ನಾಲ್ಕನೇ ತರಗತಿಗೇ ಶಾಲೆ ಬಿಟ್ಟು ಹೊಲಿಗೆ ಮಷೀನಿಗೆ ಕೂತವಳ ಕೈ ಇದು. ಸೂಜಿ ಹಿಡಿದಷ್ಟು ಸಲೀಸಾಗಿ ಪೆನ್ನು ಹಿಡಿಯುವುದಿಲ್ಲ. ಒತ್ತಕ್ಷರ ಬೇಕಾದ ಕಡೆ ಇರುವುದಿಲ್ಲ, ಬೇಡದ ಕಡೆ ಬಂದು ಕೂತಿರುತ್ತದೆ. ನೀನೇ ಸರಿಮಾಡಿಕೊಂಡು ಓದಿಕೋ. ಭಾವನ ಕೈಗೆ ಮಾತ್ರ ಈಗಲೇ ಕೊಡಬೇಡ. ಅವರು ತಪ್ಪು ಹುಡುಕಿ ನಿನ್ನನ್ನು ನಗಿಸಲು ಶುರುಮಾಡುತ್ತಾರೆ, ಇದು ನಗುತ್ತಾ ಓದುವ ಕಾಗದ ಅಲ್ಲ. ನೀನೊಬ್ಬಳೇ ಕೂತು ಪೂರ್ತಿ ಓದಿ, ಆಮೇಲೆ ಅವರಿಗೆ ಕೊಡು.

ನಿನ್ನ ಮಂಡಿ ನೋವು ಹೇಗಿದೆ? ಆ ದೊಡ್ಡ ಮನೆಯ ಮೆಟ್ಟಿಲುಗಳನ್ನು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀಯೋ ಏನೋ, ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡ. ಭಾವನ ಸೊಂಟಕ್ಕೆ ಆ ಹೊಸ ಗಾಡಿಯ ಸೀಟು ಹೊಂದಿತೇ? ಅಪ್ಪ ಚೆನ್ನಾಗಿದ್ದಾರೆ. ಎಡಗಣ್ಣಿಗೆ ದಾರ ಕಾಣುವುದಿಲ್ಲ, ಆದರೆ ಒಪ್ಪಿಕೊಳ್ಳುವುದಿಲ್ಲ. ದಾರ ಪೋಣಿಸಿಕೊಡು ಅಂತ ಬಾಯಿಬಿಟ್ಟು ಕೇಳುವ ಬದಲು, "ಈ ಸೂಜಿಗೆ ಇವತ್ತು ಯಾಕೋ ಹಟ ಬಂದಿದೆ ನೋಡು" ಅಂತ ನನ್ನ ಕಡೆ ಚಾಚುತ್ತಾರೆ. ನಾನು ಪೋಣಿಸಿ ಕೊಡುತ್ತೇನೆ. ಸೂಜಿಗೆ ಹಟ ಇಳಿಯಿತು ಅನ್ನುತ್ತೇನೆ. ಹೀಗೆ ನಡೆಯುತ್ತಿದೆ. ನನಗೇನೂ ಆಗಿಲ್ಲ, ಒಂದು ವಾರದಿಂದ ನಿದ್ದೆ ಸರಿಯಾಗಿ ಬರುತ್ತಿಲ್ಲ ಅಷ್ಟೇ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನೀನು ಒಪ್ಪಿಸಿದ ಕೆಲಸ ಮುಗಿಸಿದ್ದೇನೆ. ಆ ದೊಡ್ಡ ಮನೆಯಲ್ಲಿ ನೀನು ನೋಡಿಕೊಳ್ಳುತ್ತಿದ್ದ ಅಜ್ಜಿ ತೀರಿಕೊಳ್ಳುವ ಮೊದಲು ನಿನ್ನ ಹೆಸರಿಗೆ ಹಣ ಬಿಟ್ಟರು ಅಂತ ಗೊತ್ತಾದ ದಿನ ಅಪ್ಪ ಕತ್ತರಿ ಕೆಳಗಿಟ್ಟುಬಿಟ್ಟರು. ಅದರಲ್ಲಿ ದೊಡ್ಡ ಪಾಲನ್ನು ಇಲ್ಲದವರಿಗೆ ಕೊಡುತ್ತೇನೆ, ಎಲ್ಲಿಗೆ ಕೊಟ್ಟರೆ ಸಾರ್ಥಕ ಅಂತ ನೋಡಿ ಬರೆ ಅಂತ ನಿನ್ನ ಕಾಗದ ಬಂದಾಗ, "ಕೈಗೆ ಇನ್ನೂ ಬಂದಿಲ್ಲ, ಆಗಲೇ ಹಂಚೋಕೆ ಕೂತಿದ್ದಾಳೆ ಮಹಾರಾಣಿ" ಅಂದರು. ಬೈದದ್ದೋ ಹೊಗಳಿದ್ದೋ ತಿಳಿಯಲಿಲ್ಲ. ಆ ದಿನ ಮಾತ್ರ ಬಂದ ಗಿರಾಕಿಗಳಿಗೆಲ್ಲ ನಿನ್ನ ವಿಷಯವನ್ನೇ ಹೇಳಿದರು. ಗುಂಡಿ ಹಾಕಿಸಿಕೊಳ್ಳಲು ಬಂದವನೊಬ್ಬ ಪೂರ್ತಿ ಕಥೆ ಕೇಳಿಯೇ ಹೋಗಬೇಕಾಯಿತು.

ಹೊಸಬರ ಮುಂದೆ ನನಗೆ ಬಾಯಿ ಕಟ್ಟುತ್ತದೆ ಅಂತ ನಿನಗೆ ಗೊತ್ತು. ಗೊತ್ತಿದ್ದೂ ನನ್ನನ್ನೇ ಕಳಿಸಿದೆ. ಅನಾಥ ಮಕ್ಕಳಿಗೆ ಅಂತ ದಾನ ಪಡೆಯುವ, ಗಾಜಿನ ಬಾಗಿಲಿನ ಆ ದೊಡ್ಡ ಆಫೀಸಿಗೆ ಮೊದಲು ಹೋದೆ. ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿ, ಬಣ್ಣದ ಚಿತ್ರಗಳ ದಪ್ಪ ಪುಸ್ತಕ ತೊಡೆಯ ಮೇಲಿಟ್ಟರು. ಗೋಡೆಯ ಕಲ್ಲಿನ ಮೇಲೆ ಯಾರ ಹೆಸರು ಕೆತ್ತಿಸಬೇಕು, ಅಕ್ಷರ ಯಾವ ಬಣ್ಣದ್ದು ಬೇಕು ಅಂತ ಕೇಳಿದರು. ಹಣ ಯಾರಿಗೆ ಹೋಗುತ್ತದೆ ಅಂತ ಕೇಳಬೇಕು ಅಂತ ಬಾಯಿ ತೆರೆದೆ, ನೀರು ಕುಡಿದು ಎದ್ದು ಬಂದೆ. ಆಮೇಲೆ ಸೇತುವೆ ಪಕ್ಕದ ಊರುಗೋಲಿನ ಶೆಡ್ಡಿಗೆ ಹೋದೆ. ಕಾಲು ಮುರಿದವರು, ಹಾಸಿಗೆ ಹಿಡಿದವರು ಅಲ್ಲಿಂದ ಊರುಗೋಲು, ಗಾಲಿಕುರ್ಚಿ ಒಯ್ದು, ವಾಸಿಯಾದ ಮೇಲೆ ತಂದಿಡುತ್ತಾರೆ. ನಡೆಸುವವನು ಮೊದಲು ಬಸ್ಸಿನ ಮೆಕ್ಯಾನಿಕ್ ಆಗಿದ್ದನಂತೆ, ಕೈಯೆಲ್ಲ ಗ್ರೀಸು. "ದುಡ್ಡು ಕೊಟ್ರೆ ಎಲ್ಲಿಡ್ಲಿ ತಾಯಿ, ಬೀಗಾನೇ ಇಲ್ಲ. ಕೋಲಿನ ತುದಿಗೆ ಹಾಕೋ ರಬ್ಬರ್ ತಂದ್ಕೊಡು, ಜನ ಜಾರಿ ಬಿದ್ದು ಇನ್ನೊಂದು ಕಾಲೂ ಮುರ್ಕೊಳ್ತಾ ಇದಾರೆ" ಅಂದ. ಅವನು ನನಗೆ ಇಷ್ಟವಾದ. ನನ್ನ ಕೈಯಿಂದಲೇ ಒಂದು ಚೀಲ ರಬ್ಬರು ಕೊಟ್ಟು ಬಂದಿದ್ದೇನೆ, ಅದನ್ನು ನಿನ್ನ ಲೆಕ್ಕಕ್ಕೆ ಹಾಕುವುದಿಲ್ಲ.

ಆದರೆ ನೀನು ಮನಸ್ಸಿನಲ್ಲಿ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದೀಯ ಅಂತ ನನಗೆ ಗೊತ್ತಿತ್ತು. ಕಾಗದದ ಕೊನೆಯಲ್ಲಿ, "ಉಳಿದದ್ದೆಲ್ಲ ನಿನ್ನ ಭಾವನ ಸಮಾಧಾನಕ್ಕೆ ನೋಡು. ಗುಬ್ಬಿಯ ಮನೆಗೆ ಹೋಗಿ, ಅವಳ ಕೆನ್ನೆ ಮುಟ್ಟಿ ಬಾ. ರಜೆಗೆ ಬಂದಾಗ ನಾನೇ ಹೋಗಿ ಮಗಳನ್ನ ಕರ್ಕೊಂಡು ಬರ್ತೀನಿ" ಅಂತ ಬರೆದಿದ್ದೆ. ಅನಾಥಾಲಯದ ಆ ಮಗುವಿಗೆ ಇಷ್ಟು ವರ್ಷ ಹಣ ಕಳಿಸುತ್ತಾ ಬಂದಿದ್ದರೂ, ಮಗಳು ಅಂತ ನೀನು ಬರೆದದ್ದು ಅದೇ ಮೊದಲು. ಅಪ್ಪನಿಗೆ ಓದಿ ಹೇಳುವಾಗ ನಾನು ಆ ಸಾಲನ್ನು ಎರಡು ಸಲ ಓದಿದೆ. ಅಪ್ಪ ಮುಖ ಒರೆಸಿಕೊಂಡರು.

ಗುಬ್ಬಿಯ ಅಳತೆಯ ದಾರ ನಿನಗೆ ನೆನಪಿದೆಯಲ್ಲವೇ. ಅಂಗಡಿಗೆ ಬರಲಾಗದವರ ಅಳತೆಯನ್ನು ಅಪ್ಪ ದಾರದಲ್ಲಿ ತರಿಸುವುದು, ಭುಜಕ್ಕೊಂದು ಗಂಟು, ಎದೆಗೊಂದು, ಉದ್ದಕ್ಕೊಂದು. ಆ ಮನೆಯವರು ಪ್ರತಿ ವರ್ಷ, ಕಿಟಕಿಯ ಬೆಳಕಿಗೆ ಮುಖ ಮಸುಕಾದ ಒಂದು ಫೋಟೋದ ಜೊತೆ ದಾರ ಕಳಿಸುತ್ತಿದ್ದರು, ನಾನು ಫ್ರಾಕು ಹೊಲಿದು ಕಳಿಸುತ್ತಿದ್ದೆ. ಯಾವ ವರ್ಷ ಹಿಡಿದು ನೋಡಿದರೂ ದಾರ ಅಷ್ಟೇ ಉದ್ದ. "ಹೊಟ್ಟೆಗೆ ಬಿದ್ದದ್ದು ಮೈಗೆ ಹತ್ತುತ್ತಿಲ್ಲ ಪಾಪ" ಅಂತ ಅಪ್ಪ ಮರುಗುತ್ತಿದ್ದರು. ನಾನು ನಿನಗೆ ಬರೆದೆ, ನೀನು ಹಾಲಿಗೆ, ಮೊಟ್ಟೆಗೆ ಅಂತ ಬೇರೆಯಾಗಿ ಹಣ ಕಳಿಸತೊಡಗಿದೆ. ನಾನು ಹೊಲಿಗೆಯ ಒಳಗೆ ಬೇಕೆಂದೇ ಹೆಚ್ಚು ಬಟ್ಟೆ ಮಡಿಸಿ ಇಡುತ್ತಿದ್ದೆ, ಮಗು ಇವತ್ತಲ್ಲ ನಾಳೆ ಬೆಳೆಯುತ್ತಾಳೆ, ಆಗ ಬಿಚ್ಚಿ ದೊಡ್ಡದು ಮಾಡಿಕೊಳ್ಳಲಿ ಅಂತ. ಮೂವರಿಗೂ ಬೇರೆ ಯೋಚನೆಯೇ ಬರಲಿಲ್ಲ ನೋಡು. ಬಂದು ನೋಡಿ ಹೋದರೆ ಮಕ್ಕಳು ಆಮೇಲೆ ಹಂಬಲಿಸುತ್ತಾರೆ, ಬರಬೇಡಿ ಅಂತ ಅವರು ಬರೆದಿದ್ದರು. ನಾವೂ ಹೋಗಲಿಲ್ಲ. ಸುಳ್ಳು ಯಾಕೆ, ಬರಬೇಡಿ ಅಂದದ್ದು ನನಗೆ ಒಳಗೊಳಗೇ ನೆಮ್ಮದಿಯಾಗಿತ್ತು.

ಬಸ್ಸು ಕೊನೆಯ ನಿಲ್ದಾಣದಲ್ಲಿ ಇಳಿಸಿದಾಗ ಮಧ್ಯಾಹ್ನವಿನ್ನೂ ಆಗಿರಲಿಲ್ಲ. ಉದ್ದಕ್ಕೆ ಚಾಚಿಕೊಂಡ ಹೆಂಚಿನ ಮನೆ, ಸುತ್ತ ಗೋಡೆ, ಗುಡಿಸಿ ಗುಡಿಸಿ ಗಟ್ಟಿಯಾದ ಅಂಗಳ. ಒಂದು ಕಡ್ಡಿ ಕಸವಿಲ್ಲ. ಬಾಗಿಲಲ್ಲಿ ಚಪ್ಪಲಿಗಳನ್ನು ಸಾಲಾಗಿ ಬಿಟ್ಟಿದ್ದರು, ಅತಿ ಚಿಕ್ಕದರಿಂದ ಹಿಡಿದು ದೊಡ್ಡದರವರೆಗೆ, ಮೆಟ್ಟಿಲು ಕಟ್ಟಿದ ಹಾಗೆ. ಅದನ್ನು ನೋಡಿ ಖುಷಿಯಾಯಿತು. ಆಮೇಲೆ ನಿಂತು ಕೇಳಿದೆ. ಮಕ್ಕಳಿರುವ ಮನೆಗೆ ಒಂದು ಸದ್ದಿರುತ್ತದೆ ಅಕ್ಕಾ, ಯಾರೋ ಅಳುವುದು, ಯಾರೋ ಚಾಡಿ ಹೇಳುವುದು, ಪಾತ್ರೆ ಉರುಳುವುದು. ಅಲ್ಲಿ ಏನೂ ಇರಲಿಲ್ಲ. ಒಳಗೆ ಯಾರೂ ಇಲ್ಲವೇನೋ ಅಂದುಕೊಂಡೆ. ಆದರೆ ಅಷ್ಟೂ ಚಪ್ಪಲಿಗಳು ಅಲ್ಲೇ ಇದ್ದವು.

ಒಳಗಿನಿಂದ ಒಬ್ಬ ಹೆಂಗಸು ಬಂದರು. ತೋಳಿನವರೆಗೆ ಸೋಪಿನ ನೊರೆ, ದುಂಡು ಮುಖ. ಮನೆ ನಡೆಸುವವರು ಅವರೇ, ಮಕ್ಕಳೆಲ್ಲ ದೊಡ್ಡಮ್ಮ ಅನ್ನುತ್ತಾರೆ. ಯಾರು ನೀನು ಅಂದರು. ನಿನ್ನ ಹೆಸರು ಹೇಳಬೇಕು ಅಂತಲೇ ಬಸ್ಸಿನಲ್ಲಿ ಪಾಠ ಮಾಡಿಕೊಂಡು ಬಂದಿದ್ದೆ, ಆದರೆ ನಾಲಗೆ ತಿರುಗಿ "ಹೊಲಿಗೆ ಕೆಲಸ ಏನಾದ್ರೂ ಇದ್ಯಾ" ಅಂದಿತು. ಅವರು ನನ್ನ ಕೈ ಹಿಡಿದೇ ಒಳಗೆ ಎಳೆದುಕೊಂಡರು. "ಕರೆದ ಹಾಗೆ ಬಂದೆ ಕಣಮ್ಮ. ಹರಿದದ್ದು ಗುಡ್ಡೆ ಬಿದ್ದಿದೆ. ಊಟ ಹಾಕ್ತೀನಿ, ದುಡ್ಡು ಜಾಸ್ತಿ ಕೇಳಬೇಡ" ಅಂದರು. ಹಾಗೆ ನಾನು ಕೊಡಲು ಹೋದ ಮನೆಯಲ್ಲಿ ಕೂಲಿಗೆ ಕೂತೆ. ಅಪ್ಪನಿಗೆ ಇದನ್ನು ಹೇಳಿದಾಗ ಕೆಮ್ಮು ಬರುವಷ್ಟು ನಕ್ಕರು. ಅಷ್ಟಕ್ಕೇ ನಿಲ್ಲಿಸಿ, ಉಳಿದದ್ದನ್ನು ಎರಡು ದಿನ ಅವರಿಗೆ ಹೇಳಲಿಲ್ಲ.

ಕೈ ಮಷೀನು ಇದ್ದದ್ದು ಅಂಗಳದ ಕಡೆ ಕಿಟಕಿಯಿದ್ದ ಒಂದು ಕೋಣೆಯಲ್ಲಿ. ಕೂತ ಸ್ವಲ್ಪ ಹೊತ್ತಿಗೆ ಅದು ಗುಬ್ಬಿಯ ಫೋಟೋದ ಕಿಟಕಿ ಅಂತ ಗುರುತು ಸಿಕ್ಕಿತು, ಮುರಿದ ಸರಳಿಗೆ ತಂತಿ ಸುತ್ತಿದ್ದಾರಲ್ಲ, ಅದೇ. ತಲೆ ಎತ್ತಿದರೆ ಎದುರಿನ ಗೂಟಗಳಲ್ಲಿ ನಮ್ಮ ಫ್ರಾಕುಗಳು. ನೀಲಿ ಚುಕ್ಕಿಯದು, ಹಳದಿ ಪಟ್ಟಿಯದು, ಜೇಬಿನ ಮೇಲೆ ಎಲೆ ಹಾಕಿದ್ದು, ಎಲ್ಲ. ಒಗೆದು, ಇಸ್ತ್ರಿ ಮಾಡಿ, ಒಂದರ ಪಕ್ಕ ಒಂದು ತೂಗುಹಾಕಿದ್ದರು. ಮನೆಯವರನ್ನೇ ಕಂಡ ಹಾಗಾಯಿತು. ಎದ್ದು ಹೋಗಿ ಮುಟ್ಟಿದೆ. ಅಂಚು ತಿರುವಿ ನೋಡಿದೆ. ನಾನು ಒಳಗೆ ಮಡಿಸಿಟ್ಟ ಬಟ್ಟೆ ಹಾಗೇ ಇತ್ತು, ಯಾವ ಫ್ರಾಕಿನಲ್ಲೂ ಒಂದು ಎಳೆ ಬಿಚ್ಚಿರಲಿಲ್ಲ. ಅಷ್ಟು ವರ್ಷದ ಬಟ್ಟೆಗಳು ಒಂದೇ ಸಮ ತೂಗುತ್ತಿದ್ದವು, ಒಂದೇ ದಿನ ಹೊಲಿದ ಹಾಗೆ.

ಆಗ ಬಾಗಿಲಲ್ಲಿ ಒಂದು ಮಗು ನಿಂತಿತ್ತು. ಆರೇಳು ವರ್ಷದ್ದು, ಕತ್ತರಿಸಿದ ಕೂದಲು, ಈ ವರ್ಷ ನಾನು ಕಳಿಸಿದ ಹಸಿರು ಫ್ರಾಕು. ಗುಂಡಿಯೊಂದು ಕಿತ್ತುಬಂದಿತ್ತು. ತಲೆಯನ್ನು ಎಡಕ್ಕೆ ಚೂರು ವಾಲಿಸಿ ನೋಡಿತು, ಫೋಟೋದಲ್ಲಿ ನೋಡುತ್ತದಲ್ಲ, ಹಾಗೇ. ಹತ್ತಿರ ಕರೆದು ಕೂರಿಸಿಕೊಂಡೆ, ನೀನು ಹೇಳಿದ ಹಾಗೆ ಕೆನ್ನೆ ಮುಟ್ಟಿದೆ. ಗುಂಡಿ ಹಾಕುತ್ತಾ ಹಾಲು ಕುಡಿತೀಯಾ ಪುಟ್ಟಾ ಅಂದೆ. "ಅಮ್ಮಾ ನಾನು ಚೆನ್ನಾಗಿದ್ದೇನೆ. ದಿನವೂ ಹಾಲು ಕುಡಿಯುತ್ತೇನೆ. ಜ್ವರ ಈಗಿಲ್ಲ. ನಿಮ್ಮ ನೆನಪು ಬರುತ್ತದೆ" ಅಂತ ಗೋಡೆ ನೋಡುತ್ತಾ ಹೇಳಿತು. ಮಾತಾಡಿದ ಹಾಗಿರಲಿಲ್ಲ, ಮಗ್ಗಿ ಒಪ್ಪಿಸಿದ ಹಾಗಿತ್ತು. ನಾನು ಹೆದರಿದೆ, ಯಾಕೆ ಅಂತ ಆಗ ತಿಳಿಯಲಿಲ್ಲ. ಸಮಾಧಾನ ಮಾಡೋಣ ಅಂತ ಸ್ವಲ್ಪ ಗಟ್ಟಿಯಾಗಿಯೇ "ಗುಬ್ಬಿ" ಅಂತ ಕರೆದೆ.

"ಓ" ಅಂತ ಕೇಳಿಸಿತು. ಮಗುವಿನ ಬಾಯಿಂದ ಬಂತು. ಕಿಟಕಿಯ ಹೊರಗಿನಿಂದ ಬಂತು. ಪಕ್ಕದ ಕೋಣೆಯಿಂದ ಬಂತು. ಅದರಾಚೆ ಎಲ್ಲೋ ಬಾವಿಯ ಕಡೆಯಿಂದಲೂ ಬಂತು. ಈ ಚಿಕ್ಕವಳು ಒಪ್ಪಿಸಿದ ಪಾಠ ಬಿಟ್ಟರೆ, ಆ ಮನೆಗೆ ಬಂದಾಗಿನಿಂದ ನಾನು ಕೇಳಿದ ಮೊದಲ ಮಕ್ಕಳ ದನಿ ಅದು. ನಾನು ಸೂಜಿ ಹಿಡಿದು ಕೂತಿದ್ದ ಹಾಗೇ ಒಬ್ಬೊಬ್ಬರಾಗಿ ಬಾಗಿಲಿಗೆ ಬಂದರು. ಒಬ್ಬಳಿಗಿಂತ ಒಬ್ಬಳು ಎತ್ತರ, ಎಲ್ಲರಿಗೂ ಅದೇ ಕತ್ತರಿಸಿದ ಕೂದಲು. ಒಟ್ಟು ನಾಲ್ವರು, ಮಡಿಲಲ್ಲಿದ್ದವಳೂ ಸೇರಿ. ಯಾರೂ ತಳ್ಳಾಡಲಿಲ್ಲ, ನಗಲಿಲ್ಲ. ಎಲ್ಲರೂ ತಲೆಯನ್ನು ಎಡಕ್ಕೆ ಚೂರು ವಾಲಿಸಿ ನನ್ನನ್ನೇ ನೋಡಿದರು. ಎಲ್ಲರಿಗಿಂತ ದೊಡ್ಡವಳು, ಹದಿನಾಲ್ಕರ ಹತ್ತಿರದವಳು, ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಕೇಳಿದಳು, "ನಿಮಗೆ ಯಾವ ಗುಬ್ಬಿ ಬೇಕಾಗಿತ್ತು?"

ಅಕ್ಕಾ, ಇಲ್ಲಿ ಸ್ವಲ್ಪ ನಿಲ್ಲಿಸಿ ಒಂದು ಲೋಟ ನೀರು ಕುಡಿ. ನಾನೂ ಪೆನ್ನು ಕೆಳಗಿಟ್ಟು ಕೈ ಒದರಿಕೊಂಡೆ.

ನಮ್ಮ ಮೊದಲ ಫೋಟೋದ ಹುಡುಗಿ ಆ ದೊಡ್ಡವಳು. ತಲೆ ವಾಲಿಸುವುದು ಅವಳದೇ, ಹುಟ್ಟಿದಾಗಿನಿಂದ ಆ ಕಡೆಯ ಕಿವಿ ಮಂದವಂತೆ. ಉಳಿದವರು ಅವಳಿಂದ ಕಲಿತದ್ದು. ಫ್ರಾಕು ಯಾರಿಗೆ ಸರಿಯಾಗುತ್ತದೋ ಅವಳು ಗುಬ್ಬಿ, ಬಿಗಿಯಾದ ದಿನ ಮುಂದಿನವಳು ಗುಬ್ಬಿ. ದೊಡ್ಡವಳು ನನ್ನ ಪಕ್ಕ ಕೂತು, ಹರಿದ ದಿಂಬಿನ ಚೀಲವೊಂದನ್ನು ಎಳೆದುಕೊಂಡು ಹೊಲಿಯುತ್ತಾ ಇದನ್ನೆಲ್ಲ ಹೇಳಿದಳು, ಯಾರ ಮೇಲೂ ದೂರಿಲ್ಲದ ದನಿಯಲ್ಲಿ. ನೀನು ರಾತ್ರಿಯೆಲ್ಲ ಎದ್ದಿದ್ದೆಯಲ್ಲ ಆ ಜ್ವರ, ಅದು ಬಂದದ್ದು ಅವಳಿಗೇ. ಕಾಗದದಲ್ಲಿ ಸುತ್ತಿ ಬಂದ ಹಲ್ಲು ಎರಡನೆಯವಳದು. ಅಂಗೈ ಇಟ್ಟು ಸುತ್ತ ಗೆರೆ ಎಳೆದ ಚಿತ್ರ, ನೀನು ನಿನ್ನ ಅಂಗೈಯನ್ನು ಅದರ ಮೇಲಿಟ್ಟು ನೋಡುತ್ತೇನೆ ಅಂತ ಬರೆದಿದ್ದೆಯಲ್ಲ, ಅದು ಮೂರನೆಯವಳದು. ನೀರಿನ ಟ್ಯಾಂಕಿನ ಸದ್ದಿಗೆ ಹೆದರುತ್ತಾಳೆ ಅಂತ ಬರೆದಿದ್ದರಲ್ಲ, ಅವಳು ಈ ಚಿಕ್ಕವಳು. "ಸುಳ್ಳು ಏನೂ ಬರ್ದಿಲ್ಲ ಅಕ್ಕಾ, ಎಲ್ಲಾ ಆಗಿದ್ದೇ" ಅಂದಳು. ಆಮೇಲೆ ಎರಡನೆಯವಳ ಕಡೆ ಬೆರಳು ತೋರಿಸಿ, "ನಂಗೆ ಜ್ವರ ಬಂದಾಗ ನಿದ್ದೆ ಮಾಡಲಿಲ್ಲ ಅಂತ ಅಮ್ಮ ಬರೆದಿದ್ರಂತೆ. ಆ ಕಾಗದ ಬರೋಷ್ಟರಲ್ಲಿ ನಾನು ಗುಬ್ಬಿ ಆಗಿರಲಿಲ್ಲ. ಇವಳಿಗೆ ಓದಿ ಹೇಳಿದ್ರು. ನಾನು ಬಾಗಿಲ ಹಿಂದೆ ನಿಂತು ಕೇಳ್ದೆ" ಅಂದಳು.

ಎರಡನೆಯವಳು ಅಲ್ಲೇ ನೆಲ ನೋಡುತ್ತಾ ಕೂತಿದ್ದಳು. ಅವಳ ಮಣಿಕಟ್ಟು ನನ್ನ ಎರಡು ಬೆರಳಿನಷ್ಟಿತ್ತು. ಫ್ರಾಕಿನ ಕಂಕುಳು ಬಿಗಿಯಾಗತೊಡಗಿದಾಗ ಅವಳು ಅರ್ಧ ಊಟ ಬಿಡತೊಡಗಿದಳಂತೆ, ಅಳತೆ ತೆಗೆಯುವ ದಿನ ಉಸಿರು ಬಿಗಿಹಿಡಿದು ನಿಂತಳಂತೆ. ಒಂದು ವರ್ಷ ಹೆಚ್ಚಿಗೆ ನಿನ್ನ ಮಗಳಾಗಿರಲು. ಆ ವರ್ಷವೇ ನಾವು ಮಗು ಬೆಳೆಯುತ್ತಿಲ್ಲ ಅಂತ ಹಾಲಿಗೆ ಹಣ ಕಳಿಸಿದ್ದು. ನಾನು ಒಳಗೆ ಮಡಿಸಿಟ್ಟ ಬಟ್ಟೆಯ ವಿಷಯ ಅವಳಿಗೆ ಗೊತ್ತಿರಲಿಲ್ಲ. ನಾನು ಗೂಟದಿಂದ ಫ್ರಾಕು ತೆಗೆದು ಅಂಚು ತಿರುವಿ ತೋರಿಸಿದೆ. ಅವಳು ಬೆರಳಿನಿಂದ ಆ ಮಡಿಕೆಯನ್ನು ಉದ್ದಕ್ಕೂ ಸವರಿ, ಮತ್ತೆ ಗೂಟಕ್ಕೆ ಹಾಕಿದಳು. ನನ್ನ ನಿದ್ದೆ ಕೆಡಿಸಿರುವುದು ಅದು.

ಅಷ್ಟರಲ್ಲಿ ದೊಡ್ಡಮ್ಮ ಊಟಕ್ಕೆ ಕರೆಯಲು ಬಂದರು. ನಾನು ಹಾಕಿದ ಗುಂಡಿಯನ್ನು ನೋಡಿದರು, ಗೂಟದ ಫ್ರಾಕನ್ನು ನೋಡಿದರು. "ಈ ಹೊಲಿಗೆ ನಂಗೊತ್ತು. ತಂಗಿ ಅಲ್ವಾ ನೀನು?" ಅಂದರು. ಸಿಟ್ಟು ಬರುತ್ತದೆ ಅಂದುಕೊಂಡೆ, ಬರಲಿಲ್ಲ. ಮಕ್ಕಳನ್ನು ಊಟಕ್ಕೆ ಕಳಿಸಿ, ನನ್ನ ಎದುರಿಗೆ ಕೂತು, ಸೋಪಿಗೆ ಬಿರುಕುಬಿಟ್ಟ ಕೈಯನ್ನು ಉಜ್ಜಿಕೊಳ್ಳುತ್ತಾ ಹೇಳಿದರು. ಚಿಕ್ಕ ಮಕ್ಕಳನ್ನು ಎಲ್ಲರೂ ಆರಿಸಿಕೊಳ್ಳುತ್ತಾರೆ, ಎತ್ತರವಾದ ಮೇಲೆ ಹಣ ನಿಂತುಹೋಗುತ್ತದೆ. ಒಂದು ವರ್ಷ ಬೆಳೆದ ಹುಡುಗಿಯ ಫೋಟೋವನ್ನೇ ನಿಜವಾಗಿ ಕಳಿಸಿ ನೋಡಿದರಂತೆ, ಬೇರೆ ಒಬ್ಬ ದಾನಿಗೆ. "ಇದಕ್ಕಿಂತ ಚಿಕ್ಕದು ಇಲ್ವಾ ಅಂತ ಕೇಳಿ ಬರೆದ್ರು. ತರಕಾರಿ ಅಂಗಡೀಲಿ ಬದನೆಕಾಯಿ ಕೇಳ್ದಂಗೆ. ನಿಮ್ಮಕ್ಕ ಅಂಥವರಲ್ಲ, ಗೊತ್ತು. ಆದ್ರೆ ಮಗು ಬೆಳೀತಿಲ್ಲ ಅಂತ ಮರುಗಿ ನೀವು ಹಾಲಿನ ದುಡ್ಡು ಕಳಿಸಿದ್ರಿ. ಆ ಹಾಲು ಇವರೆಲ್ಲ ಕುಡಿದ್ರು. ಬೆಳೆದ್ಲು ಅಂತ ಬರೆದು ನಾನು ಆ ಹಾಲು ನಿಲ್ಲಿಸಬೇಕಿತ್ತಾ, ಹೇಳು" ಅಂದರು. ನೀನಾಗಿದ್ದರೆ ಏನಾದರೂ ಹೇಳುತ್ತಿದ್ದೆ. ಎರಡನೆಯವಳು ಊಟ ಬಿಟ್ಟದ್ದು ನಿಮಗೆ ಗೊತ್ತಿತ್ತೇ ಅಂತ ಮಾತ್ರ ಕೇಳಿದೆ. ಅವರು ಕಿಟಕಿಯ ಸರಳಿನ ತಂತಿಯನ್ನು ಬಿಗಿಮಾಡುತ್ತಾ, "ಆಮೇಲೆ ಗೊತ್ತಾಯ್ತು" ಅಂದರು.

ನೋಡಿದ್ದನ್ನು ಬಿಡದೆ ಬರೆ ಅಂದಿದ್ದೆ, ಬರೆಯುತ್ತೇನೆ. ಅಲ್ಲಿ ಊಟ ಚೆನ್ನಾಗಿತ್ತು, ನಾನೂ ಅವರ ಸಾಲಿನಲ್ಲೇ ಕೂತು ಉಂಡೆ, ಕೇಳಿದವರಿಗೆ ಇನ್ನೊಮ್ಮೆ ಬಡಿಸಿದರು. ಹಾಸಿಗೆಗಳು ಒಣಗಿದ್ದವು. ಯಾರ ಮೈಮೇಲೂ ಬಾಸುಂಡೆ ಇಲ್ಲ. ದೊಡ್ಡಮ್ಮ ನಡೆಯುವಾಗ ಚಿಕ್ಕ ಮಕ್ಕಳು ಅವರ ಸೆರಗು ಹಿಡಿದೇ ನಡೆಯುತ್ತವೆ, ಹೆದರಿದ ಮಕ್ಕಳು ಹಾಗೆ ಮಾಡುವುದಿಲ್ಲ. ಆದರೆ ಆ ಮನೆಯ ಮೌನ ಹೋಗಲಿಲ್ಲ. ಊಟದ ಸಾಲಿನಲ್ಲಿ ನೋಡಿದರೆ, ಗುಬ್ಬಿಯೊಬ್ಬಳೇ ಅಲ್ಲ. ಒಂದೇ ಬಗೆಯ ಕೆಂಪು ರಿಬ್ಬನ್ನಿನ ಮೂವರಿದ್ದರು, ಒಬ್ಬರಿಗಿಂತ ಒಬ್ಬರು ಎತ್ತರ. ಒಂದೇ ತರಹ ಬೆರಳು ಮಡಿಸಿ ಲೋಟ ಹಿಡಿಯುವ ಐವರಿದ್ದರು. ಎಲ್ಲೋ ದೂರದ ಊರುಗಳಲ್ಲಿ ನಿನ್ನಂಥವರು ಆ ಬೆರಳನ್ನು, ಆ ರಿಬ್ಬನ್ನನ್ನು ನೆನೆದು ಮಲಗುತ್ತಿರಬಹುದು ಅಂತ ಅನಿಸಿತು. ಹೊರಡುವಾಗ ಅಂಗಳದಲ್ಲಿ ಇನ್ನೂ ಚಿಕ್ಕದೊಂದು ಮಗು, ಐದು ತುಂಬಿರಲಿಕ್ಕಿಲ್ಲ, ಒಬ್ಬಳೇ ನಿಂತು ತಲೆಯನ್ನು ಎಡಕ್ಕೆ ವಾಲಿಸುವುದನ್ನು ಕಲಿಯುತ್ತಿತ್ತು. ಹೆಚ್ಚು ವಾಲಿಸಿಬಿಟ್ಟರೆ ತಾನೇ ಸರಿಮಾಡಿಕೊಳ್ಳುತ್ತಿತ್ತು.

ಇಲ್ಲಿಗೆ ಕೊಟ್ಟರೆ ಸಾರ್ಥಕವೇ ಅಂದರೆ ಏನು ಹೇಳಲಿ. ಮೋಸ ಅಂತ ಒಂದೇ ಮಾತಿನಲ್ಲಿ ಬರೆದು ಮುಗಿಸಬಹುದು, ಭಾವ ಹಾಗೇ ಹೇಳುತ್ತಾರೆ, ಅವರು ಹೇಳುವುದರಲ್ಲಿ ತಪ್ಪೂ ಇಲ್ಲ. ಆದರೆ ನೀನು ನಿಲ್ಲಿಸಿದರೆ ಹಾಲು ನಿಲ್ಲುವುದು ಮಕ್ಕಳಿಗೆ. ಗಾಜಿನ ಬಾಗಿಲಿನವರು ಸುಳ್ಳು ಹೇಳಲಿಲ್ಲ, ಆದರೆ ಅವರ ಚಿತ್ರದ ಪುಸ್ತಕದಲ್ಲಿ ಒಂದು ಮಗುವಿಗೂ ನನ್ನ ಗುಂಡಿ ಬೇಕಾಗಿರಲಿಲ್ಲ. ನನ್ನ ದಡ್ಡ ತಲೆಗೆ ತೋಚಿದ್ದು ಇಷ್ಟು. ಕೊಡುವುದಾದರೆ ಆ ಮನೆಗೇ ಕೊಡು. ಆದರೆ ಫೋಟೋ ಬೇಡ, ದಾರ ಬೇಡ, ಯಾರೂ ನಿನ್ನನ್ನು ಅಮ್ಮ ಅಂತ ಕರೆಯುವುದು ಬೇಡ ಅಂತ ಬರೆದು ಕೊಡು. ಎತ್ತರವಾದವರಿಗೂ ಅಂತ ಸ್ಪಷ್ಟವಾಗಿ ಬರೆ. ದೊಡ್ಡಮ್ಮ ಒಪ್ಪದಿದ್ದರೆ ಆಗ ನಿಲ್ಲಿಸು. ಒಪ್ಪುತ್ತಾರೆ ಅಂತ ನನಗನ್ನಿಸುತ್ತದೆ, ನನ್ನನ್ನು ಬಸ್ಸಿಗೆ ಬಿಡಲು ಬಂದಾಗ ಅವರು ನನಗಿಂತ ಸುಸ್ತಾದವರ ಹಾಗೆ ಕಂಡರು. ಮುಂದಿನ ವರ್ಷದ ಫ್ರಾಕಿಗೆ ಅಂತ ದಾರ ಕೈಯಲ್ಲಿ ಹಿಡಿದು ಬಂದಿದ್ದರು. ನಾನು ತೆಗೆದುಕೊಳ್ಳಲಿಲ್ಲ, ಅವರೂ ಒತ್ತಾಯ ಮಾಡಲಿಲ್ಲ.

ನಿನ್ನಿಂದ ಮಗಳನ್ನು ಕಿತ್ತುಕೊಂಡ ಹಾಗಾಯಿತು, ನನಗೆ ಗೊತ್ತು. ಬರೆಯದೆ ಇದ್ದುಬಿಡೋಣ ಅಂತ ಅಪ್ಪನ ಹತ್ತಿರ ಹೇಳಿದೆ. "ರಜೆಗೆ ಬಂದು ಆ ಬಾಗಿಲಲ್ಲಿ ನಿಂತು ಕೂಗ್ತಾಳೆ, ಆಗ ನಾಲ್ಕು ಜನ ಓ ಅಂತಾರೆ. ಅಲ್ಲಿ ನೀನು ಇರಲ್ಲ, ನಾನು ಇರಲ್ಲ. ಈಗಲೇ ಬರೆ" ಅಂದರು. ಅದಕ್ಕೇ ಬರೆದೆ. ನಿನಗೆ ಅಳು ಬಂದರೆ ಭಾವನ ಹತ್ತಿರ ಹೇಳಿಕೊಂಡು ಅಳು, ಒಬ್ಬಳೇ ಅಡುಗೆಮನೆಯಲ್ಲಿ ನಿಂತು ಅಳಬೇಡ.

ಅಪ್ಪ ನಿಮ್ಮಿಬ್ಬರಿಗೂ ತುಂಬು ಮನಸ್ಸಿನಿಂದ ಆಶೀರ್ವಾದ ಹೇಳಿದ್ದಾರೆ. ಭಾವನಿಗೆ ನನ್ನ ನಮಸ್ಕಾರ, ಇಷ್ಟು ಹೊತ್ತಿಗೆ ಅವರ ಕೈಗೆ ಕೊಟ್ಟಿದ್ದರೆ ತಪ್ಪುಗಳನ್ನು ಎಣಿಸದೆ ಓದಲಿ. ಮಂಡಿ ಜೋಪಾನ. ನಾವಿಬ್ಬರೂ ನಿನ್ನ ಉತ್ತರದ ದಾರಿ ನೋಡುತ್ತಿರುತ್ತೇವೆ.

ಇಂತಿ,
ನಿನ್ನ ಮೊದ್ದು ತಂಗಿ

ತಾ.ಕ.: ಅಂಟು ಹಚ್ಚುವ ಮೊದಲು ಇದೊಂದು. ಇದನ್ನು ಬರೆಯಲು ಧೈರ್ಯ ಬರದೆ ಅಷ್ಟು ಉದ್ದ ಎಳೆದೆ. ಹದಿನಾಲ್ಕು ತುಂಬಿದವರನ್ನು ಆ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲವಂತೆ. ದೊಡ್ಡವಳನ್ನು ಯಾರದೋ ಮನೆಗೆಲಸಕ್ಕೆ ಕಳಿಸಲು ಮಾತಾಗಿತ್ತು. ಬಸ್ಸು ಬಂದು ನಿಂತಿತ್ತು, ನಾನು ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದೆ, ಅಲ್ಲಿಂದಲೇ "ಅವಳನ್ನ ನಮ್ಮನೆಗೆ ಕಳಿಸಿ" ಅಂದುಬಿಟ್ಟೆ. ನನ್ನ ದನಿಯೇನಾ ಅಂತ ನನಗೇ ಅನುಮಾನ ಬಂತು. ಕಂಡಕ್ಟರ್ ಬೈದ. ನಿನ್ನನ್ನು ಕೇಳಲಿಲ್ಲ, ಕೇಳುವಷ್ಟು ಸಮಯ ಇರಲಿಲ್ಲ. ಅಪ್ಪ ನಿನ್ನೆ ಹೋಗಿ ಸಹಿ ಹಾಕಬೇಕಾದ ಕಡೆಯೆಲ್ಲ ಹಾಕಿ ಬಂದಿದ್ದಾರೆ. ಅವಳು ಶಾಲೆಗೇ ಹೋಗಬೇಕು, ಮಷೀನು ಮುಟ್ಟಿದರೆ ಸಂಜೆ ಮಾತ್ರ ಅಂತ ಈಗಲೇ ಕಟ್ಟಪ್ಪಣೆ ಮಾಡಿದ್ದಾರೆ. ಎರಡನೆಯವಳನ್ನು ರಜೆಗಳಲ್ಲಿ ಕಳಿಸಲು ದೊಡ್ಡಮ್ಮ ಒಪ್ಪಿದ್ದಾರೆ, ಅವಳಿಗೆ ಚೆನ್ನಾಗಿ ಉಣ್ಣಿಸಬೇಕು. ದೊಡ್ಡವಳು ನಾಳೆ ಮಧ್ಯಾಹ್ನದ ಬಸ್ಸಿಗೆ ಬರುತ್ತಾಳೆ. ಗುಬ್ಬಿ ಅಂತ ಕರೆಯಬೇಡ, ಅವಳಿಗೆ ಅವಳದೇ ಹೆಸರಿದೆ. ಅಪ್ಪನ ಕಿವಿಯಲ್ಲಿ ಹೇಳಿದಳಂತೆ, ಅಪ್ಪ ನನಗೂ ಹೇಳಿಲ್ಲ. ನೀನು ಬಂದಾಗ ಅವಳೇ ಹೇಳುತ್ತಾಳಂತೆ, ನಿನಗೆ ಕೇಳಬೇಕೆನಿಸಿದರೆ. ಇವತ್ತು ಬೆಳಗ್ಗೆ ಎದ್ದವಳೇ, ನಾಳೆ ಅವಳು ಮಲಗಲಿ ಅಂತ, ನಿನ್ನ ಹಾಸಿಗೆಯನ್ನು ತಾರಸಿಗೆ ಹೊತ್ತುಕೊಂಡು ಹೋಗಿ, ಎರಡೂ ಮಗ್ಗುಲು ಬಡಿದು, ಬಿಸಿಲಿಗೆ ಹಾಕಿ ಬಂದೆ.